ಒಳಗಿನ ಚಿಲಕ

ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದು ಕೊಂಚ ಜೋತುಬಿದ್ದಿದೆ, ಸುತ್ತು ಬಂದಾಗಲೆಲ್ಲ ಟಕ್ ಎನ್ನುತ್ತದೆ, ಒಂದು ಸ್ಕ್ರೂ ಬಿಗಿದರೆ ಮುಗಿಯಿತು, ಆದರೆ ಮೂವತ್ತೊಂದು ಜನ ಬಡಗಿಗಳು ತುಂಬಿರುವ ಈ ಕೋಣೆಯಲ್ಲಿ ಆ ಒಂದು ಸ್ಕ್ರೂ ಬಿಗಿಯಲು ಒಬ್ಬನೂ ಏಳುವುದಿಲ್ಲ, ಎಂದುಕೊಂಡ ಅವನು, ಏಳದವರಲ್ಲಿ ತಾನೂ ಒಬ್ಬ, ಎಂಟು ವರ್ಷದಿಂದ ಸಂಘದ ಸಭೆಗೆ ಬರುತ್ತಿದ್ದಾನೆ, ಎಂಟು ವರ್ಷದಿಂದ ಈ ಟಕ್ ಕೇಳುತ್ತಿದ್ದಾನೆ — ಕೆಳಗೆ ಮರದ ಮಂಡಿ, ಮೇಲೆ ಸಂಘದ ಕೋಣೆ, ಗರಗಸದ ಪುಡಿ ಮೆಟ್ಟಿಲು ಹತ್ತಿ ಬಂದು ಎಲ್ಲರ ಚಪ್ಪಲಿಗಳಲ್ಲಿ ಕೂತಿದೆ, ಭಾನುವಾರ ಬೆಳಗಿನ ಹನ್ನೊಂದು ಗಂಟೆ, ಗೋಂದು ಮೊದಲಿನ ಹಾಗೆ ಹಿಡಿಯುವುದಿಲ್ಲ ಎಂಬುದರ ಮೇಲೆ ನಲವತ್ತು ನಿಮಿಷ ಮಾತಾಯಿತು, ಸಂಘದ ಬೋರ್ಡಿಗೆ ಯಾವ ಬಣ್ಣ ಎಂಬುದರ ಮೇಲೆ ಇಪ್ಪತ್ತು ನಿಮಿಷ, ನೀಲಿ ಎಂದವರು ನೀಲಿಗಾಗಿ ಪ್ರಾಣ ಕೊಡುವವರ ಹಾಗೆ ಕೂಗಿದರು, ಮತ್ತೆ ಅವನ ಕಾಗದ, ಆರು ಸಲ ಬರೆದು ಹರಿದು ಏಳನೆಯ ಸಲ ಹೆಂಡತಿಯ ಕೈಯಲ್ಲಿ ತಿದ್ದಿಸಿಕೊಂಡು ತಂದ ಕಾಗದ, ಅಧ್ಯಕ್ಷರ ಮೊಣಕೈ ಕೆಳಗೆ ಬಿದ್ದಿದೆ, ಅದರ ಮೇಲೆ ಅವರ ಚಹಾದ ಲೋಟ. ಅದರಲ್ಲಿರುವುದು ಇಷ್ಟೇ, ಯಾವ ಮನೆಯಲ್ಲೇ ಆಗಲಿ, ಕೋಣೆಯ ಒಳಗಡೆಯ ಚಿಲಕವನ್ನು ನಮ್ಮ ಸಂಘದವರು ಬೇರೆಯವರ ಮಾತಿಗೆ ತೆಗೆಯಬಾರದು, ಆ ಕೋಣೆಯಲ್ಲಿ ಇರುವವರೇ ಕೇಳಬೇಕು, ಹಿಂದೆ ಹಾಗೆ ತೆಗೆದವರು ಹೋಗಿ ವಾಪಸು ಹಾಕಿಕೊಡಬೇಕು. ಕೆಳಗೆ ಕಾರಣ, ಯಾರೋ ಒಬ್ಬ ಬಡಗಿ ಹೀಗೆ ತೆಗೆದದ್ದರಿಂದ ಒಬ್ಬ ಹೆಣ್ಣುಮಗಳ ಕೈ ಎರಡು ಕಡೆ ಮುರಿದಿದೆ. ಯಾರೋ ಒಬ್ಬ! ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ, ಕೋತಿಗೆ ಒಂದು ಮೇಕೆಯಾದರೂ ಸಿಕ್ಕಿತು, ಅವನು ಯಾರೋ ಎಂಬ ಪದಕ್ಕೆ ಒರೆಸಿ ಸುಮ್ಮನೆ ಕೂತಿದ್ದಾನೆ, ಮೂರನೆಯ ಸಾಲಿನ ಕುರ್ಚಿಯಲ್ಲಿ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು.

ಆ ದಿನದಿಂದ ಇವತ್ತಿಗೆ ಎಷ್ಟು, ಇಪ್ಪತ್ತಮೂರು ದಿನ, ಶುಕ್ರವಾರ, ಮೂರನೇ ಮಹಡಿ, ಮೆಟ್ಟಿಲ ಹತ್ತಿರದ ಮನೆ, ಆ ಮನೆಯಾತ ವಿಮೆ ಕಚೇರಿಯಲ್ಲಿ ಕೆಲಸ ಮಾಡುವವನು, ಇಸ್ತ್ರಿ ಮಾಡಿದ ಶರ್ಟು, ಬನ್ನಿ ಮೇಸ್ತ್ರಿ ಬನ್ನಿ, ಮೆಟ್ಟಿಲು ಹತ್ತಿ ಸುಸ್ತಾಗಿರುತ್ತೆ, ಮೊದಲು ನೀರು ಕುಡೀರಿ — ಎಷ್ಟು ಜನ ಕೊಡುತ್ತಾರೆ ಹಾಗೆ, ಚಪ್ಪಲಿ ಅಲ್ಲಿ ಬಿಡು, ಗೋಡೆಗೆ ಕೈ ತಾಗಿಸಬೇಡ ಎನ್ನುವವರೇ ಎಲ್ಲ, ಈತ ಕುರ್ಚಿ ಎಳೆದು ಕೊಟ್ಟ, ಅಷ್ಟಕ್ಕೇ ಅವನು ಕರಗಿ ಹೋದ, ಬಡಗಿಯನ್ನು ಕೊಳ್ಳಲು ಒಂದು ಲೋಟ ನೀರು ಸಾಕು. ಹಿಂದಿನ ಕೋಣೆ ಬಾಗಿಲಿಗೆ ಒಳಗಡೆ ಒಂದು ಚಿಲಕ ಇದೆ, ತೆಗೆದುಬಿಡಿ, ನಮ್ಮನೆಯವಳಿಗೆ ತಲೆಸುತ್ತು, ಒಳಗಿಂದ ಹಾಕ್ಕೊಂಡು ಬಿದ್ದುಬಿಟ್ರೆ ಏನ್ ಗತಿ ಹೇಳಿ. ಸರಿಯಾದ ಮಾತೇ, ವಯಸ್ಸಾದವರಿರುವ ಮನೆಗಳಲ್ಲಿ ತಾನೇ ಎಷ್ಟು ಸಲ ಹೇಳಿಲ್ಲ, ಚಿಲಕ ಬೇಡ ಸಾರ್ ಅಂತ. ಆದರೆ ಬಾಗಿಲ ಹೊರಗಡೆ, ಕೆಳಗೆ, ನೆಲದಿಂದ ಒಂದು ಗೇಣು ಮೇಲೆ, ಆ ಕುಳಿಗಳು — ಐದೋ ಆರೋ, ಒಂದರ ಪಕ್ಕ ಒಂದು, ಬೂಟಿನ ಮೂತಿಯ ಅಳತೆಗೆ ಸರಿಯಾಗಿ, ಅವನು ನೋಡಿದ, ನೋಡಲಿಲ್ಲ ಎಂದು ಯಾರ ಮುಂದೆ ಹೇಳಿದರೂ ತನ್ನ ಮುಂದೆ ಹೇಳಿಕೊಳ್ಳಲಾಗದು, ಒಂದು ಹಲಗೆ ಕೈಗೆ ಕೊಟ್ಟರೆ ಮರದ ಯಾವ ಮೈ ಬಿಸಿಲಿಗಿತ್ತು ಎಂದು ಹೇಳುವವನು, ಮೂವತ್ತು ವರ್ಷ ಬಾಗಿಲುಗಳ ಜೊತೆಯೇ ಬಾಳಿದವನು, ಆ ಕುಳಿಗಳನ್ನು ಬೆರಳಿನಿಂದ ಸವರಿ ನೋಡಿ, ಅಯ್ಯೋ ಒಳ್ಳೇ ಮರ ಹಾಳಾಗಿದೆ ಎಂದು ಮರಕ್ಕಾಗಿ ಮರುಗಿದ. ಮರಕ್ಕಾಗಿ! ಇದನ್ನೂ ತುಂಬಿಕೊಡಲಾ ಸಾರ್, ಹೊಸದರ ಹಾಗೆ ಕಾಣುತ್ತೆ. ಆತ ನಕ್ಕು, ಮಾಡಿಬಿಡಿ, ನಿಮ್ಮಂಥ ಕೆಲಸಗಾರರು ಎಲ್ಲಿ ಸಿಗ್ತಾರೆ ಎಂದ. ಅವನಿಗೆ ಎದೆ ಉಬ್ಬಿತು. ಚಿಲಕ ಬಿಚ್ಚಿ, ಬಾಗಿಲಲ್ಲಿ ನಾಲ್ಕು ತೂತು, ಚೌಕಟ್ಟಿನಲ್ಲಿ ಎರಡು, ಅದೇ ಬಾಗಿಲಿನ ಮರವನ್ನು ಅಂಚಿನಲ್ಲಿ ಕೊಂಚ ಕೆರೆದು, ಆ ಪುಡಿಗೆ ಗೋಂದು ಕಲಸಿ ತುಂಬಿ, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಉಜ್ಜಿ, ಪಾಲಿಶ್ ಬಳಿದು, ಎಳೆಗೆ ಎಳೆ ಸೇರುವ ಹಾಗೆ ಮಾಡಿ, ಎದ್ದು ಹಿಂದೆ ಸರಿದು ನೋಡಿದರೆ ಅಲ್ಲಿ ಎಂದೂ ಏನೂ ಇರಲಿಲ್ಲ, ಚಿಲಕವೂ ಇರಲಿಲ್ಲ, ಒದೆಯೂ ಇರಲಿಲ್ಲ. ಆಗ ಆ ಮನೆಯಾಕೆ ಪ್ಯಾಸೇಜಿನಲ್ಲಿ ನಿಂತಿದ್ದಳು, ಎಷ್ಟು ಹೊತ್ತಿಂದಲೋ, ಗಂಡ ಆಚೆ ಫೋನಿನಲ್ಲಿ ಮಾತಾಡುತ್ತಿದ್ದ, ಅವಳು ಬಾಗಿಲನ್ನು ನೋಡುತ್ತ, ಮೇಸ್ತ್ರಿ, ಚಿಕ್ಕದೊಂದು ಬಿಡೋಕಾಗಲ್ವಾ ಎಂದಳು. ಅವನು ಸಾಮಾನು ಚೀಲಕ್ಕೆ ತುಂಬುತ್ತ, ಯಜಮಾನ್ರು ಹೇಳಿದಾರಮ್ಮ ಎಂದ. ಅವಳು ತಲೆಯಾಡಿಸಿದಳು, ಈ ಬಸ್ಸು ಅಲ್ಲಿಗೆ ಹೋಗಲ್ಲ ಎಂದು ಕಂಡಕ್ಟರ್ ಹೇಳಿದಾಗ ತಲೆಯಾಡಿಸಿ ಇಳಿದುಹೋಗುವವರ ಹಾಗೆ, ಅಷ್ಟೆ, ಜಗಳವಿಲ್ಲ, ಅಳುವಿಲ್ಲ, ಅವನು ಇನ್ನೊಂದು ಲೋಟ ನೀರು ಕುಡಿದು ಮೆಟ್ಟಿಲಿಳಿದ.

ಆಮೇಲೆ ಒಂಬತ್ತು ದಿನಕ್ಕೆ, ಸಂಜೆ ಊಟದ ಹೊತ್ತು, ಹೆಂಡತಿ ಬಡಿಸುತ್ತ ಆಸ್ಪತ್ರೆಯ ಸುದ್ದಿ ಹೇಳುತ್ತಿದ್ದಳು, ಅವಳು ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿ, ಮುರಿದ ಕೈಕಾಲು ನೋಡಿ ನೋಡಿ ನಾಲಿಗೆ ಚೂಪಾಗಿದೆ, ಎಲ್ಲರೂ ಬಾತ್‌ರೂಮಲ್ಲಿ ಜಾರಿದೆ ಅಂತಾನೇ ಹೇಳ್ತಾರೆ, ಈ ಊರಿನ ಬಾತ್‌ರೂಮುಗಳಿಗೆ ಗಂಡಸರನ್ನ ಕಂಡ್ರೆ ಅದೇನ್ ಗೌರವಾನೋ, ಒಬ್ಬರನ್ನೂ ಜಾರಿಸಲ್ಲ. ಇವತ್ತು ಬಂದಿದ್ದ ಹೆಂಗಸೂ ಹಾಗೇ ಅಂದಳಂತೆ, ಆರು ವರ್ಷದ ಒಂದು ಹೆಣ್ಣುಮಗು ಅವಳ ಬಟ್ಟೆ ಹಿಡಿದುಕೊಂಡೇ ಇತ್ತಂತೆ, ಎಡಗೈ ಎರಡು ಕಡೆ ಮುರಿದಿತ್ತಂತೆ, ಪ್ಲಾಸ್ಟರ್ ಒಣಗುವ ತನಕ ಕೂತಿರಬೇಕಲ್ಲ, ಆ ಹೊತ್ತಿನಲ್ಲಿ ಎಲ್ಲರಿಗೂ ಬಾಯಿ ಬಿಡುತ್ತದೆ, ಅಕ್ಕಾ, ಎರಡು ವರ್ಷ ಒಂದು ಚಿಲಕ ನಮ್ಮನ್ನ ಕಾಪಾಡ್ತು, ಯಾರೋ ಬಡಗಿ ಬಂದು ತೆಗೆದುಹಾಕಿ ಹೋದ ಎಂದಳಂತೆ. ಮೂರನೇ ಮಹಡಿ ಮನೆ, ಗಂಡ ವಿಮೆ ಕಚೇರಿಯವನು. ಯಾವ ಮನೆಹಾಳನೋ, ಅವನ ಕೈ ಸೇದಿಹೋಗ, ಎಂದು ಹೆಂಡತಿ ಅವನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು. ಅವನು ತನ್ನ ಬಲಗೈ ನೋಡಿಕೊಂಡ, ಸೇದಿಹೋಗಿರಲಿಲ್ಲ, ಚೆನ್ನಾಗಿಯೇ ಇತ್ತು, ಅದೇ ದೊಡ್ಡ ಅನ್ಯಾಯ ಎನಿಸಿತು. ಯಾರಂತ ಗೊತ್ತಾ ನಿಮಗೆ, ನಿಮ್ಮ ಕಡೆಯವರೇ ಇರಬೇಕಲ್ಲ. ಗೊತ್ತಿಲ್ಲ ಎಂದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಸಣ್ಣ ಪುಟ್ಟ ಸುಳ್ಳು ಎಷ್ಟೋ ಹೇಳಿದ್ದಾನೆ, ಇದರಷ್ಟು ಭಾರದ್ದು ಹೇಳಿರಲಿಲ್ಲ, ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು, ಆಮೇಲೆ ಹೆಂಡತಿಯೇ, ನಿಮ್ಮ ಸಂಘದಲ್ಲಿ ಇದನ್ನೆಲ್ಲ ಮಾತಾಡಲ್ವಾ, ಬೋರ್ಡಿಗೆ ಬಣ್ಣ ಬಳಿಯೋದು ಮಾತ್ರಾನಾ ಎಂದು ಚುಚ್ಚಿದಾಗ, ಮಾತಾಡ್ತೀನಿ ಎಂದ, ಕಾಗದ ಬರೆಯಲು ಕೂತ, ಅವಳು ಪಕ್ಕದಲ್ಲೇ ಕೂತು ತಿದ್ದಿದಳು, ಯಾರೋ ಒಬ್ಬ ಬಡಗಿ ಎಂಬ ಸಾಲಿಗೆ ಬಂದಾಗ ಅವಳ ಪೆನ್ನು ನಿಲ್ಲಬಹುದು ಎಂದು ಕಾದಿದ್ದ, ನಿಲ್ಲಲಿಲ್ಲ. ಒಂದು ಮಾತು ಮಾತ್ರ ಹೇಳಿದಳು, ಚಿಲಕ ಹಾಕಿದ್ರೆ ಮುಗೀತಾ, ತನ್ನ ಮನೇಲಿ ತಾನು ಚಿಲಕ ಹಾಕ್ಕೊಂಡು ಅವಳ್ಯಾಕೆ ಕೂರಬೇಕು, ಹೋಗಲಿ ಬಿಡಿ, ನಿಮ್ಮ ಕೈಲಾಗೋದು ಚಿಲಕ, ಅದನ್ನಾದ್ರೂ ಮಾಡಿ.

ಟಕ್ — ಅಧ್ಯಕ್ಷರು ಲೋಟ ಎತ್ತಿದರು, ಕಾಗದದ ಮೇಲೆ ಚಹಾದ ಒಂದು ಬಳೆ ಬಿದ್ದಿದೆ, ಕನ್ನಡಕ ಏರಿಸಿ ಓದಿದರು, ಮಂಡಿಯ ಧಣಿ ಅವರು, ಈ ಕೋಣೆ ಅವರದೇ, ಗಂಟಲು ಸರಿಮಾಡಿಕೊಂಡು, ನೋಡ್ರಪ್ಪಾ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಹಿರಿಯರೇ ಹೇಳಿದಾರೆ, ನಾವ್ಯಾಕೆ ಮಧ್ಯ ಹೋಗಬೇಕು ಎಂದರು, ಸುತ್ತ ಹತ್ತು ತಲೆ ಹೌದು ಹೌದು ಎಂದು ಅಲ್ಲಾಡಿದವು. ಉಂಡು ಮಲಗೋ ತನಕ, ಆಹಾ, ಆ ಗಾದೆ ಕಟ್ಟಿದವನು ತಾನು ಉಂಡು ತಾನು ಮಲಗಿದವನೇ ಇರಬೇಕು, ಅವನ ಹೆಂಡತಿ ಪಾತ್ರೆ ತೊಳೆಯುತ್ತ ಯಾವ ಗಾದೆ ಕಟ್ಟಿದಳೋ ಯಾರೂ ಬರೆದಿಡಲಿಲ್ಲ, ಎಂದು ಎದ್ದು ಹೇಳಬೇಕೆನಿಸಿತು, ಎಲ್ಲ ಒಳ್ಳೆಯ ಮಾತೂ ಅವನಿಗೆ ಕುರ್ಚಿಯಲ್ಲಿ ಕೂತಾಗಲೇ ಬರುತ್ತದೆ, ಎದ್ದರೆ ನಾಲಿಗೆ ಮರಗಟ್ಟುತ್ತದೆ. ಅಷ್ಟರಲ್ಲಿ ಪ್ಲೈವುಡ್ ಎದ್ದ, ಗಟ್ಟಿಮರ ಮುಟ್ಟದೆ ಬರೀ ಹಾಳೆ ಅಂಟಿಸುವ ಕೆಲಸ ಹಿಡಿಯುತ್ತಾನೆಂದು ಎಲ್ಲರೂ ಇಟ್ಟ ಹೆಸರು, ಅವನಿಗೂ ಆ ಹೆಸರೇ ಇಷ್ಟ, ನನ್ನ ಹೆಂಡತಿ ನನ್ನನ್ನೇ ಹೊರಗೆ ಬಿಟ್ಟು ಚಿಲಕ ಹಾಕ್ತಾಳಲ್ಲ, ಅದಕ್ಕೂ ಒಂದು ನಿರ್ಣಯ ಮಾಡಿ ಅಧ್ಯಕ್ಷರೇ ಎಂದ, ಕೋಣೆಯೆಲ್ಲ ನಗು, ಅವನ ಪಕ್ಕದವನಂತೂ ತೊಡೆ ತಟ್ಟಿಕೊಂಡು ನಕ್ಕ, ಇವರು ನಗುವುದು ನೋಡಿದರೆ ಮೈಯೆಲ್ಲ ಉರಿಯುತ್ತದೆ, ಆದರೆ ಇಪ್ಪತ್ತಮೂರು ದಿನದ ಹಿಂದೆ ಕೇಳಿದ್ದರೆ ತಾನೂ ತೊಡೆ ತಟ್ಟುತ್ತಿದ್ದನಲ್ಲ. ಒಬ್ಬ ಎಂದ, ಕೆಲಸ ಕೊಟ್ಟವರು ಹೇಳಿದ್ದು ಮಾಡೋದು ನಮ್ಮ ಧರ್ಮ, ಯಾಕೆ ಅಂತ ಕೇಳ್ತಾ ಕೂತ್ರೆ ನಾಳೆ ಬೇರೆ ಊರಿನವರನ್ನ ಕರೆಸ್ತಾರೆ. ಇನ್ನೊಬ್ಬ, ಕ್ಷೌರದವನು ಯಾಕೆ ಮೀಸೆ ತೆಗೆಸ್ತೀಯ ಅಂತ ಕೇಳ್ತಾನಾ. ಮೀಸೆ ಮತ್ತೆ ಬರುತ್ತದೆ ಕಣೋ ಎಂದುಕೊಂಡ. ಎತ್ತು ಏರಿಗೆ, ಕೋಣ ನೀರಿಗೆ, ಮಾತು ಮತ್ತೆ ಗೋಂದಿನ ಕಡೆ ಹೊರಳುವಷ್ಟರಲ್ಲಿ ಅಧ್ಯಕ್ಷರು ಕಾಗದವನ್ನು ಬೆರಳಿನಿಂದ ಬಡಿದರು, ಯಾರೋ ಒಬ್ಬ ಬಡಗಿ ಅಂತ ಬರೆದಿದೀಯಲ್ಲ, ಯಾರವನು, ಹೆಸರಿಲ್ದೆ ನಮ್ಮವರ ಮೇಲೆ ಗೂಬೆ ಕೂರಿಸಿದ್ರೆ ಆಗತ್ತಾ, ಹೆಸರು ಹೇಳು, ಇಲ್ಲಾಂದ್ರೆ ಇದನ್ನ ಇಲ್ಲಿಗೇ ಬಿಡೋಣ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವನ ಕೈಗಳು ತೊಡೆಯ ಕೆಳಗಿಂದ ತಾವಾಗಿ ಹೊರಬಂದವು. ಬಿಟ್ಟರೆ ಏನಾಗುತ್ತದೆ, ಕಾಗದ ಮಡಿಸುತ್ತಾರೆ, ಚಹಾ ಬರುತ್ತದೆ, ಮನೆಗೆ ಹೋಗಿ ಸಂಘದವರು ಒಪ್ಪಲಿಲ್ಲ ಕಣೇ ಎಂದರೆ ಹೆಂಡತಿ ಸಂಘಕ್ಕೆ ಬಯ್ಯುತ್ತಾಳೆ, ತನಗಲ್ಲ, ಮಾನ ಉಳಿಯುತ್ತದೆ, ಮೂರನೇ ಮಹಡಿಯ ಬಾಗಿಲು ಮಾತ್ರ ಬೋಳಾಗಿಯೇ ಉಳಿಯುತ್ತದೆ. ಹೇಳಿದರೆ ಈ ಮೂವತ್ತು ಬಾಯಿಗಳಿಂದ ಸಂಜೆಯೊಳಗೆ ಹೆಂಡತಿಯ ಕಿವಿಗೆ ಬೀಳುತ್ತದೆ.

ನಾನೇ, ಎಂದ, ಕೂತೇ ಹೇಳಿದ, ಯಾರಿಗೂ ಕೇಳಿಸಲಿಲ್ಲವೆಂದು ಎದ್ದು ನಿಂತು ಇನ್ನೊಂದು ಸಲ, ನಾನೇ ತೆಗೆದದ್ದು, ಬಾಗಿಲ ಮೇಲೆ ಒದ್ದ ಗುರುತಿತ್ತು, ನೋಡಿದೆ, ಅದನ್ನೂ ತುಂಬಿ ಪಾಲಿಶ್ ಮಾಡಿ ಬಂದೆ, ಅವರು ಕೇಳಲಿಲ್ಲ, ನಾನೇ ಕೇಳಿ ಮಾಡಿಕೊಟ್ಟೆ, ಆಯಮ್ಮ ಚಿಕ್ಕದೊಂದು ಬಿಡಿ ಅಂದರೂ ಬಿಡಲಿಲ್ಲ. ಫ್ಯಾನು ಟಕ್, ಟಕ್, ಯಾರೂ ನಗಲಿಲ್ಲ, ಯಾರೂ ಬಯ್ಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು, ಒಬ್ಬೊಬ್ಬರೂ ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದಾರೆ, ಮೊದಲ ಸಾಲಿನ ಮೂಲೆಯಲ್ಲಿ ಉಳಿತಾತ — ಎಪ್ಪತ್ತು ದಾಟಿದವನು, ಉಳಿ ಹಿಡಿದರೆ ಕೈ ನಡುಗುತ್ತದೆ, ಈಗೀಗ ಚಹಾಕ್ಕೆಂದೇ ಸಭೆಗೆ ಬರುವವನು, ಅವನು ನೆಲ ನೋಡುತ್ತ ಹೇಳಿದ, ನಂದು ಎರಡು. ಒಂದು ಮೂವತ್ತು ವರ್ಷದ ಹಿಂದೆ, ಆ ಹೆಣ್ಣುಮಗಳು ಈಗಿಲ್ಲ. ಆಮೇಲೆ ಹಿಂದಿನಿಂದ ಒಂದು ದನಿ, ನಂದೂ ಒಂದಿರಬಹುದು, ಆಗ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ! ಎಲ್ಲರಿಗೂ ಅದೇ ಸೀಕು, ಗೊತ್ತಾಗದ ಸೀಕು. ಬಾಗಿಲ ಹತ್ತಿರದವನು, ನಂದು ಅತ್ತೆ ಸೊಸೆ ಇದ್ದ ಮನೆ, ಸೊಸೆ ಕೋಣೇದು ಎಂದ, ಇನ್ನೊಬ್ಬ ಬಾಯಿ ಬಿಡದೆ ಎರಡು ಬೆರಳು ಎತ್ತಿ ಇಳಿಸಿದ, ಮೀಸೆಯ ಮಾತಾಡಿದವನು ಕೆಮ್ಮಿ ಕೆಮ್ಮಿ ಕೊನೆಗೆ ಒಂದು ಎಂದ, ಪ್ಲೈವುಡ್ ತನ್ನ ಕಾಲಬೆರಳು ನೋಡುತ್ತ, ಒಳಗಿಂದ ತೆಗೆದದ್ದು ಒಂದು, ಹೊರಗಿಂದ ಹಾಕಿಕೊಟ್ಟದ್ದು ಎರಡು ಎಂದ, ಹೊರಗಿಂದ, ಅಂದರೆ ಕೂಡಿಹಾಕಲು, ಈಗ ತಾನೇ ಚಿಲಕದ ಮಾತಾಡಿ ನಗಿಸಿದ್ದನಲ್ಲ ಇವನು. ಸಮಾಧಾನ ಆಗಬೇಕಿತ್ತು ಅವನಿಗೆ, ತಾನೊಬ್ಬನೇ ಅಲ್ಲ ಎಂದು, ಆಗಲಿಲ್ಲ, ಸಿಟ್ಟು ಬಂತು, ಎಂಟು ವರ್ಷ ಇದೇ ಕೋಣೆಯಲ್ಲಿ ಇವರೆಲ್ಲರ ಜೊತೆ ಚಹಾ ಕುಡಿದಿದ್ದಾನೆ, ಊರಿನ ಪ್ರತಿ ಮನೆಯ ಒಳಕೋಣೆ ಕಂಡವರು ನಾವು, ವೈದ್ಯರಿಗಿಂತ ಮೊದಲು ಕಂಡವರು, ಒಡೆದ ಬಾಗಿಲು, ಕಿತ್ತ ಕೊಂಡಿ, ಸೀಳಿದ ಚೌಕಟ್ಟು, ಎಲ್ಲಕ್ಕೂ ಮರದ ಪುಡಿ ತುಂಬಿ ಉಜ್ಜಿ ಬಂದು ಇಲ್ಲಿ ಗೋಂದಿನ ಬಗ್ಗೆ ಮಾತಾಡಿದೆವು.

ಕೈ ಎತ್ತಿ ಎಂದರು ಅಧ್ಯಕ್ಷರು, ದನಿ ಸಣ್ಣದಾಗಿತ್ತು, ಹದಿನೇಳು ಕೈ ಮೇಲೆ ಹೋದವು, ಹದಿನಾಲ್ಕು ತೊಡೆಯ ಮೇಲೆಯೇ ಉಳಿದವು, ಅವುಗಳಲ್ಲಿ ಎರಡು ಬೆರಳು ಎತ್ತಿ ಇಳಿಸಿದವನ ಕೈಯೂ ಇತ್ತು, ತಪ್ಪು ಒಪ್ಪಿಕೊಳ್ಳಲು ಎರಡು ಬೆರಳು ಏಳುತ್ತವೆ, ಇನ್ನು ಮಾಡಲ್ಲ ಎನ್ನಲು ಕೈ ಏಳುವುದಿಲ್ಲ, ಯಾವ ಮರದಲ್ಲಿ ಮಾಡಿದ್ದಾರೋ ಇಂಥವರನ್ನ. ಬಹುಮತ ಎಂದು ಅಧ್ಯಕ್ಷರು ಬರೆದರು, ಅವರ ಕೈ ಯಾವ ಲೆಕ್ಕದಲ್ಲೂ ಇರಲಿಲ್ಲ, ಪೆನ್ನು ಹಿಡಿದಿತ್ತು. ವಾಪಸು ಹಾಕಲು ಯಾವಾಗ ಹೋಗೋದು, ಮುಂದಿನ ಸಭೆಯಲ್ಲಿ ನೋಡೋಣ, ಒಂದು ಸಮಿತಿ ಮಾಡೋಣ, ಬೋರ್ಡು ಮುಗಿದ ಮೇಲೆ ನೋಡೋಣ — ಅಷ್ಟರಲ್ಲಿ ಉಳಿತಾತ ಗೋಡೆ ಹಿಡಿದು ಎದ್ದ, ನನಗೆ ಮುಂದಿನ ಸಭೆ ಇದೆಯೋ ಇಲ್ಲವೋ, ಇವತ್ತೇ ನಡೀರಿ ಎಂದ, ಪ್ಲೈವುಡ್ ಡ್ರಿಲ್ಲಿನ ಪೆಟ್ಟಿಗೆ ಹೆಗಲಿಗೇರಿಸಿದ. ಅವನು ಮೆಟ್ಟಿಲ ಮೇಲೆ ನಿಂತು ಹೆಂಡತಿಗೆ ಫೋನು ಮಾಡಿದ, ಬೇರೆಯವರು ಹೇಳುವ ಮೊದಲು ಎಂದುಕೊಂಡು, ಭಾನುವಾರವೂ ಅವಳಿಗೆ ಕೆಲಸ, ಹಿಂದೆ ಯಾರೋ ನರಳುವುದು ಕೇಳುತ್ತಿತ್ತು, ಆ ಬಡಗಿ ನಾನೇ ಎಂದ, ಕೆಳಗೆ ಮಂಡಿಯಲ್ಲಿ ಒಂದು ದಿಮ್ಮಿ ಪೂರ್ತಿ ಸೀಳಿ ಎರಡಾಯಿತು. ಆಮೇಲೆ ಹೇಳಿದಳು, ಮೊದಲು ಅದನ್ನ ಹಾಕಿ ಬನ್ನಿ, ಮನೆ ಆಮೇಲೆ. ಇಡುವ ಮುಂಚೆ ಇನ್ನೊಂದು ಮಾತು, ಅವಳಿಗೆ ಹೇಳಿ, ಪ್ಲಾಸ್ಟರ್ ಕೋಣೇಲಿ ನಾವು ನಾಲ್ಕು ಜನ ಇದ್ದೀವಿ, ಯಾವ ಹೊತ್ತಲ್ಲಾದ್ರೂ ಮಗು ಕರ್ಕೊಂಡು ಬರಲಿ, ಬಾತ್‌ರೂಮಲ್ಲಿ ಜಾರಿದೆ ಅಂತ ಬರೆಸಬೇಕಾಗಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಅದು ಅವನಿಗೆ ಪರಿಚಯವಿತ್ತು.

ಮೂರನೇ ಮಹಡಿಗೆ ತಾತನನ್ನು ಹತ್ತಿಸುವಷ್ಟರಲ್ಲಿ ಎಲ್ಲರಿಗೂ ಏದುಸಿರು, ಬಾಗಿಲು ತೆಗೆದದ್ದು ಆತನೇ, ಭಾನುವಾರವೂ ಇಸ್ತ್ರಿಯ ಶರ್ಟು, ಈ ಸಲ ನೀರು ಕೊಡಲಿಲ್ಲ, ನಾನು ಯಾರನ್ನೂ ಕರೆಸಿಲ್ವಲ್ಲ. ಅವತ್ತಿನ ಕೆಲಸ ತಪ್ಪಾಗಿದೆ ಸಾರ್, ಸರಿಮಾಡಿ ಹೋಗ್ತೀವಿ, ಸಂಘದ ತೀರ್ಮಾನ, ಎಂದ ಉಳಿತಾತ, ಹೊಸಿಲ ಮೇಲೆ ಒಂದು ಕಾಲಿಟ್ಟು. ಇದು ನನ್ನ ಮನೆ, ಪೊಲೀಸ್ ಕರೀತೀನಿ. ಕರೀರಿ ಸಾರ್, ನಮಗೂ ಅವರ ಹತ್ರ ಹೇಳೋದಿದೆ, ಎಂದ ಪ್ಲೈವುಡ್, ಇಡೀ ಮಹಡಿಗೆ ಕೇಳುವ ಹಾಗೆ, ಎದುರು ಮನೆಯ ಬಾಗಿಲು ಒಂದು ಬೆರಳಷ್ಟು ತೆರೆಯಿತು, ಪಕ್ಕದ್ದೂ ತೆರೆಯಿತು, ಇಷ್ಟು ದಿನ ಈ ಗೋಡೆಗಳಾಚೆ ಕೂತು ಎಲ್ಲ ಕೇಳಿದವರು, ಈಗಲಾದರೂ ಒಂದು ಬೆರಳಷ್ಟು. ಆತ ಅದನ್ನು ನೋಡಿದ, ಮುಖಕ್ಕೆ ಮತ್ತೆ ಆ ನಗು ತಂದುಕೊಂಡ, ಹಾಕಿ ಹಾಕಿ, ನಾಳೆ ಇನ್ನೊಬ್ಬನ್ನ ಕರೆಸಿ ತೆಗೆಸ್ತೀನಿ, ಬಡಗಿಗಳಿಗೇನು ಬರಗಾಲ ಎಂದ, ಆತ ಹೇಳಿದ್ದು ನಿಜ, ಹದಿನಾಲ್ಕು ಕೈಗಳಿವೆ ಈ ಊರಲ್ಲಿ, ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತೇ ಇದೆಲ್ಲ. ಸ್ಕ್ರೂಗಳ ತಲೆ ಅರದಿಂದ ತೇದುಬಿಡ್ತೀವಿ ಸಾರ್, ಯಾವ ಸ್ಕ್ರೂಡ್ರೈವರೂ ಕೂರಲ್ಲ, ತೆಗೀಬೇಕಂದ್ರೆ ಬಾಗಿಲು ಒಡೀಬೇಕು, ಪ್ರತಿ ಭಾನುವಾರ ನಮ್ಮವರೊಬ್ಬರು ಬಂದು ನೋಡ್ಕೊಂಡು ಹೋಗ್ತಾರೆ ಎಂದು ಉಳಿತಾತ ಒಳಗೆ ಹೋಗಿ ಆತನ ಪಕ್ಕದ ಕುರ್ಚಿಯಲ್ಲೇ ಕೂತುಬಿಟ್ಟ, ನೀರು ಕೇಳಿ ತರಿಸಿಕೊಂಡ ಕೂಡ. ಅವನು ಹಿಂದಿನ ಕೋಣೆಯ ಬಾಗಿಲ ಮುಂದೆ ಮಂಡಿಯೂರಿದ, ಕೆಳಗೆ ಹೊರಗಡೆ ಹೊಸದಾಗಿ ಎರಡು ಕುಳಿ, ಒಳಗಡೆ ನುಣುಪು, ಹಳೆಯ ತೂತುಗಳೆಲ್ಲಿ, ಕೈಯಾಡಿಸಿದ, ಉಗುರಿನಿಂದ ಕೆರೆದ, ಬೆಳಕಿಗೆ ವಾಲಿಸಿ ನೋಡಿದ, ಸಿಗಲೇ ಇಲ್ಲ, ಎಂಥ ಕೆಲಸಗಾರ, ತಾನು ಮುಚ್ಚಿದ್ದು ತನಗೇ ಸಿಗದಷ್ಟು ಒಳ್ಳೆಯ ಕೆಲಸಗಾರ. ಬೆನ್ನ ಹಿಂದೆ ಅವಳು ಬಂದು ನಿಂತಿದ್ದು ಗೊತ್ತಾಯಿತು, ಎಡಗೈ ಪ್ಲಾಸ್ಟರಿನಲ್ಲಿ, ಅದರ ಕೆಳಗಿಂದ ಎರಡು ಕಣ್ಣು, ಆ ಮಗು. ಹೆಂಡತಿ ಹೇಳಿದ ಮಾತನ್ನು ತಗ್ಗಿದ ದನಿಯಲ್ಲಿ ಮುಟ್ಟಿಸಿದ, ನಾಲ್ಕು ಜನ ಇದ್ದಾರಂತಮ್ಮ, ಅವಳು ಅವತ್ತಿನ ಹಾಗೆಯೇ ತಲೆಯಾಡಿಸಿದಳು, ನಂಬಿದಳೋ ಇಲ್ಲವೋ, ಯಾಕೆ ನಂಬಬೇಕು. ಕ್ಷಮಿಸಿ ಎನ್ನಬೇಕಿತ್ತು, ಬಾಯಿಗೆ ಬಂದದ್ದು ಕಸುಬಿನ ಮಾತು, ಎಲ್ಲಿಗೆ ಹಾಕಲಿ ಅಮ್ಮ, ಮೊದಲಿದ್ದ ಎತ್ತರಕ್ಕೇನಾ.

ಬೇಡ, ಎಂದಳು, ಮೊದಲಿದ್ದ ಕಡೆ ಬೇಡ. ಬಲಗೈಯಿಂದ ಮಗಳ ಕೈ ಹಿಡಿದು ಬಾಗಿಲ ಹತ್ತಿರ ತಂದಳು, ಇವಳಿಗೆ ಎಟಕೋ ಹಾಗೆ ಹಾಕಿ, ಕೈ ಮುರಿದ ದಿನ ನಾನು ಬಾಗಿಲ ಹೊರಗಿದ್ದೆ, ಒಳಗೆ ಬಾಗಿಲು ಒತ್ತಿ ಹಿಡ್ಕೊಂಡಿದ್ದು ಇವಳೊಬ್ಬಳೇ. ಮಗು ಯಾರೂ ಹೇಳಿಕೊಡದೆಯೇ ಹೆಬ್ಬೆರಳು ಚಾಚಿ ಮರಕ್ಕೆ ಒತ್ತಿತು, ಅವನ ಎದೆಗಿಂತಲೂ ಕೆಳಗೆ, ಅವನು ಮಂಡಿಯೂರಿದ್ದಾಗಲೂ ಎದೆಗಿಂತ ಕೆಳಗೆ, ಒತ್ತಿ ಹಿಡಿದ ರಭಸಕ್ಕೆ ಉಗುರು ಬೆಳ್ಳಗಾಗಿದೆ. ಮೂವತ್ತು ವರ್ಷದಲ್ಲಿ ಈ ಎತ್ತರಕ್ಕೆ ಅವನು ಚಿಲಕ ಹಾಕಿಲ್ಲ, ಯಾರೂ ಹಾಕಿಲ್ಲ, ಯಾವ ಅಳತೆಯ ಪುಸ್ತಕದಲ್ಲೂ ಇಲ್ಲ, ಕಾಗದದಲ್ಲಿ ಏನು ಬರೆದಿದ್ದೆವು, ಆ ಕೋಣೆಯಲ್ಲಿ ಇರುವವರೇ ಕೇಳಬೇಕು ಎಂದು, ಕೇಳಿಯಾಯಿತಲ್ಲ, ಆ ಹದಿನಾಲ್ಕು ಜನರನ್ನು ಕುತ್ತಿಗೆ ಹಿಡಿದು ಎಳೆದು ತಂದು ಇಲ್ಲಿ ನಿಲ್ಲಿಸಬೇಕು, ಅಧ್ಯಕ್ಷರನ್ನೂ ಅವರ ಗಾದೆಯನ್ನೂ ತಂದು ನಿಲ್ಲಿಸಬೇಕು, ಚಿಲಕ ಹಾಕಿದ್ರೆ ಮುಗೀತಾ ಎಂದಳು ಹೆಂಡತಿ, ಮುಗಿಯಲಿಲ್ಲ ಕಣೇ, ಎಲ್ಲಿ ಮುಗಿಯುತ್ತದೆ, ಆ ಹೆಬ್ಬೆರಳು ನೋಡು — ಪ್ಲೈವುಡ್ ಡ್ರಿಲ್ಲು ಹಿಡಿದು ನಿಂತಿದ್ದಾನೆ, ಗುರುತು ಹಾಕು ಮೇಸ್ತ್ರಿ ಎನ್ನುತ್ತಿದ್ದಾನೆ, ಹೊರಗೆ ತಾತ ಕೆಮ್ಮುತ್ತಿದ್ದಾನೆ, ಆತ ಏನೋ ಹೇಳಿ ನಗುತ್ತಿದ್ದಾನೆ, ಗುರುತು ಹಾಕಬೇಕು, ಕೈ ತೆಗಿ ಮಗಾ ಎಂದ, ತೆಗೆಯಲಿಲ್ಲ, ತೆಗಿಯಮ್ಮ, ಗುರುತು ಹಾಕ್ತೀನಿ ಎಂದ, ಮಗು ಇನ್ನಷ್ಟು ಒತ್ತಿತು, ತೆಗೆದರೆ ಬಾಗಿಲು ತೆರೆದುಬಿಡುತ್ತದೆ ಎನ್ನುವ ಹಾಗೆ, ಅವನು ಪೆನ್ಸಿಲ್ ತೆಗೆದು, ಆ ಹೆಬ್ಬೆರಳಿನ ಸುತ್ತ, ಬೆಳ್ಳಗಾದ ಆ ಪುಟ್ಟ ಉಗುರಿನ ಸುತ್ತ, ಮೆಲ್ಲಗೆ ಗೆರೆ ಎಳೆಯತೊಡಗಿದ, ಆ ಹೆಬ್ಬೆರಳು, ಅಷ್ಟು ಕೆಳಗೆ, ಆ ಹೆಬ್ಬೆರಳು